ಸಿಳ್ಳೆ ಹಾಕಿ ಎಂದ ಬ್ಯಾಂಡ್ ಮಾಸ್ತರ್!

ಶಿವಮೊಗ್ಗದ ಓದುಗರೊಬ್ಬರು ಸಿಟ್ಟಿನಿಂದ ಕಾಗದ ಬರೆದಿದ್ದಾರೆ: "ಥಿಯೇಟರಿನಲ್ಲಿ ಸಿಳ್ಳೆ ಹೊಡೆಯುವವರಿಗೆ ದಂಡ ಹಾಕಬೇಕು. ಸಂಗೀತದ ಮರ್ಯಾದೆ ಆ ಜನಕ್ಕೇನು ಗೊತ್ತು?"

ಸ್ವಲ್ಪ ತಡೀರಿ ಸ್ವಾಮಿ! ದಂಡ ಹಾಕೋ ಮೊದಲು ಎಡ್ವಿನ್ ಫ್ರಾಂಕೋ ಗೋಲ್ಡ್‌ಮನ್ ಎಂಬ ಬ್ಯಾಂಡ್ ಮಾಸ್ತರನ ಕಥೆ ಕೇಳಿ. ಈ ಮಹರಾಯ 1923ರಲ್ಲಿ 'ಆನ್ ದ ಮಾಲ್' ಎಂಬ ಮಾರ್ಚ್ ಬರೆದ. ಮಾಲ್ ಅಂದ ಕೂಡಲೇ ಎಸ್ಕಲೇಟರು, ಪಾಪ್‌ಕಾರ್ನು ಅಂದ್ಕೋಬೇಡಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಎರಡೂ ಬದಿ ಎಲ್ಮ್ ಮರ ಸಾಲುಗಟ್ಟಿ ನಿಂತ ಅಗಲವಾದ ಕಾಲುದಾರಿ ಅದು. ಆ ಮಾರ್ಚಿನ ನಡುವೆ ಕೇಳುವ ಜನವೇ ರಾಗ ಹಿಡಿದು ಹಾಡಬೇಕು, ಸಿಳ್ಳೆಯನ್ನೂ ಹಾಕಬೇಕು! ಹಾಗಂತ ಬರೆದವನೇ ಜಾಗ ಬಿಟ್ಟಿದ್ದಾನೆ. ಗಾಂಧಿ ಕ್ಲಾಸಿಗೆ ಇದಕ್ಕಿಂತ ದೊಡ್ಡ ಸನ್ಮಾನ ಉಂಟೇ?

ಆತನೇನು ಸಂಗೀತ ತಿಳಿಯದವನಲ್ಲ. ತಂದೆ ತೀರಿಕೊಂಡ ಮೇಲೆ ಕೆಲಕಾಲ ನ್ಯೂಯಾರ್ಕಿನ ಯಹೂದಿ ಅನಾಥಾಲಯದಲ್ಲಿ ಬೆಳೆದ ಹುಡುಗ. ಒಂಬತ್ತನೇ ವಯಸ್ಸಿಗೇ ಕಾರ್ನೆಟ್ ತುಟಿಗಿಟ್ಟ. ಮುಂದೆ ಮೆಟ್ರೊಪಾಲಿಟನ್ ಆಪೆರಾದ ವಾದ್ಯವೃಂದದಲ್ಲಿ ಸುಮಾರು ಹತ್ತು ವರ್ಷ ಟ್ರಂಪೆಟ್ ಊದಿದ. ಆಗ ಅವನ ಕಣ್ಣಿಗೆ ಬಿದ್ದದ್ದು ಬೇಸಿಗೆಯ ಬ್ಯಾಂಡುಗಳ ಪಾಡು. ರಿಹರ್ಸಲ್ ಇಲ್ಲ, ಶಿಸ್ತಿಲ್ಲ, ಸಿಕ್ಕಿದವರನ್ನು ಸೇರಿಸಿ ಊದಿಸೋದು. ನಮ್ಮ ಮದುವೆ ಸೀಸನ್ನಿನ ಕೆಲವು ಬ್ಯಾಂಡ್ ಸೆಟ್ಟುಗಳನ್ನು ಕೇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

1911ರಲ್ಲಿ ತಾನೇ ಒಂದು ಬ್ಯಾಂಡ್ ಕಟ್ಟಿದ. ಹೆಸರು 'ನ್ಯೂಯಾರ್ಕ್ ಮಿಲಿಟರಿ ಬ್ಯಾಂಡ್', ಬಂದೂಕು ಮಾತ್ರ ಒಂದೂ ಇಲ್ಲ! 1918ರ ಬೇಸಿಗೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಮೇಲೆ ಕಛೇರಿಗಳು ಶುರುವಾದವು. ಟಿಕೆಟ್ಟಿಲ್ಲ, ಗೇಟ್ ಕೀಪರಿಲ್ಲ. 1923ಕ್ಕೆ ಸೆಂಟ್ರಲ್ ಪಾರ್ಕಿಗೆ ಬಂದರು.

ಉಚಿತ ಅನ್ನೋದು ಕೇಳುವವರಿಗೆ. ಊದುವವನ ಮನೆಯಲ್ಲೂ ಒಲೆ ಉರೀಬೇಕಲ್ಲ? ಮೊದಮೊದಲು ಮಾಸ್ತರನೇ ಅವರಿವರ ಮನೆಬಾಗಿಲಿಗೆ ಹೋಗಿ ಚಂದಾ ಎತ್ತಿದ. ಬ್ಯಾಟನ್ ಹಿಡಿಯುವ ಕೈಯಲ್ಲೇ ರಸೀದಿ ಪುಸ್ತಕ! ಆಮೇಲೆ ಗುಗೆನ್‌ಹೈಮ್ ಮನೆತನ ಖರ್ಚು ವಹಿಸಿಕೊಂಡಿತು. ಅವರದ್ದು ಗಣಿ ದುಡ್ಡು. ಗಣಿ ದುಡ್ಡಿನಿಂದ ಏನೇನಾಗುತ್ತೆ ಅಂತ ನಮ್ಮ ಬಳ್ಳಾರಿಯವರನ್ನು ಕೇಳಿ. ಅಲ್ಲಿ ಸಂಗೀತವೂ ಆಯಿತು, ಅಷ್ಟೇ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಪುಕ್ಕಟೆ ಬಂದ ಜನಕ್ಕೆ ಅಗ್ಗದ ಸರಕು ಸಾಕು ಅಂತ ಈ ಬ್ಯಾಂಡಿನವರು ಅಂದುಕೊಳ್ಳಲಿಲ್ಲ. ಆರ್ನಾಲ್ಡ್ ಶೋನ್‌ಬರ್ಗ್ ಅಂದರೆ ಪಂಡಿತರೂ ತಲೆ ಕೆರೆದುಕೊಳ್ಳುವ ಸಂಗೀತಗಾರ. ಬ್ಯಾಂಡಿಗಾಗಿ ಅವನು ಬರೆದ ಕೃತಿಯ ಮೊಟ್ಟಮೊದಲ ಪ್ರಯೋಗ ನಡೆದದ್ದು 1946ರ ಜೂನಿನಲ್ಲಿ, ಇದೇ ಪಾರ್ಕಿನಲ್ಲಿ, ಇದೇ ಬ್ಯಾಂಡಿನಿಂದ. ನಡೆಸಿದವನು ಮಾಸ್ತರನ ಮಗ ರಿಚರ್ಡ್. ಬೆಂಚಿನ ಮೇಲೆ ಕೂತವರಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ ದೇವರೇ ಬಲ್ಲ. ಕೇಳಿಸುವ ಧೈರ್ಯವಂತೂ ಇತ್ತು. ನಮ್ಮ ನಿರ್ಮಾಪಕರು "ಜನ ಇದನ್ನೇ ಕೇಳ್ತಾರೆ ಸಾರ್" ಅಂದಾಗಲೆಲ್ಲ ನನಗೆ ಆ ಜೂನ್ ನೆನಪಾಗುತ್ತೆ.

1956ರಲ್ಲಿ ಗೋಲ್ಡ್‌ಮನ್ ತೀರಿಕೊಂಡ. ಬ್ಯಾಂಡು ಮಗನ ಕೈಗೆ ಬಂತು. ಅಪ್ಪನೂ ಇಲ್ಲ, ಮಗನೂ ಇಲ್ಲ ಅಂತಾದ ಮೇಲೂ ಎಳೆದಾಡಿಕೊಂಡು ನಡೆದು 2005ರಲ್ಲಿ ನಿಂತೇ ಹೋಯಿತು. ಆ ಮಾರ್ಚ್ ಮಾತ್ರ ಉಳಿದಿದೆ. ಅಮೆರಿಕದ ಊರೂರಿನ ಬ್ಯಾಂಡುಗಳು ಬೇಸಿಗೆ ಸಂಜೆ ಪಾರ್ಕುಗಳಲ್ಲಿ ಈಗಲೂ ಅದನ್ನು ನುಡಿಸುತ್ತವೆ. ಹಗಲೆಲ್ಲ ಅಂಗಡಿ, ಆಫೀಸು, ಶಾಲೆ ಅಂತ ದುಡಿದು ಸಂಜೆ ವಾದ್ಯ ಹಿಡಿಯುವ ಜನ. ಸಿಳ್ಳೆಯ ಜಾಗ ಬಂದಾಗ ಮಾಸ್ತರ್ ಬ್ಯಾಂಡಿಗೆ ಬೆನ್ನು ಹಾಕಿ ಜನರ ಕಡೆ ತಿರುಗುತ್ತಾನೆ.

ಶಿವಮೊಗ್ಗದ ಮಿತ್ರರೇ, ಕೊಳಲಿನ ಮೇಲೆ ಸಿಳ್ಳೆ ಬಿದ್ದರೆ ನನಗೂ ಮೈ ಉರಿಯುತ್ತೆ, ಸುಳ್ಳು ಹೇಳೋಲ್ಲ. ಆದರೆ ದಂಡ ಬೇಡ ಕಣ್ರೀ.