ಗುಲ್ಮಾರ್ಗ್‌ನ ಹಿಮ: ಮುನ್ಸೂಚನೆ ಯಾರಿಗೆ, ನಷ್ಟ ಯಾರಿಗೆ?

ಗುಲ್ಮಾರ್ಗ್‌ನಲ್ಲಿ ಈ ಬಾರಿ ಹಿಮ ಬೀಳುವುದೇ ಎಂಬುದು ಒಂದು ಕಾಲಕ್ಕೆ ಯಾರೂ ಕೇಳದ ಪ್ರಶ್ನೆ. ಎಷ್ಟು ಅಡಿ ಬಿದ್ದೀತು ಎಂಬುದಷ್ಟೇ ಕುತೂಹಲವಾಗಿತ್ತು. 2024ರ ಜನವರಿಯಲ್ಲಿ ಅಲ್ಲಿನ ಇಳಿಜಾರುಗಳು ಕಂದು ಹುಲ್ಲು ಹೊದ್ದು ನಿಂತ ಚಿತ್ರಗಳು ದೇಶವನ್ನು ಬೆರಗುಗೊಳಿಸಿದವು. ಮರುವರ್ಷ ಫೆಬ್ರುವರಿ 22ರಿಂದ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮವಿಲ್ಲದೆ ಮುಂದೂಡಿ, ಮಾರ್ಚ್ 9ರಿಂದ 12ರವರೆಗೆ ನಡೆಸಬೇಕಾಯಿತು. ಇದು ಕಾಶ್ಮೀರಿಗಳ ಚಿಂತೆ ಮಾತ್ರವಲ್ಲ. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಹೆಸರು ಮಾಡಿದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಂಥವರಿಗೆ ದೇಶದೊಳಗೆ ಇರುವ ಅಂಗಳಗಳೇ ಬೆರಳೆಣಿಕೆಯಷ್ಟು.

ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿರಲಿಲ್ಲವೇ? ಕೊಟ್ಟಿತ್ತು. 2025ರ ಜನವರಿಯಿಂದ ಮಾರ್ಚ್‌ವರೆಗೆ ಉತ್ತರ ಭಾರತದ ಮಳೆ ವಾಡಿಕೆಗಿಂತ ಕಡಿಮೆ, ಅಂದರೆ 184.3 ಮಿಲಿಮೀಟರ್ ದೀರ್ಘಾವಧಿ ಸರಾಸರಿಯ ಶೇ 86ಕ್ಕಿಂತ ಕಡಿಮೆ ಆಗುವ ಸಾಧ್ಯತೆಯೇ ಹೆಚ್ಚು ಎಂದು ಅದು ಹೇಳಿತ್ತು. ಆದರೆ ನಿಗದಿತ ದಿನ ಕಳೆದ ವಾರದೊಳಗೇ ಗುಲ್ಮಾರ್ಗ್‌ನಲ್ಲಿ ಹೇರಳವಾಗಿ ಹಿಮ ಬಿತ್ತು! ಮುನ್ಸೂಚನೆ ಸುಳ್ಳಾಯಿತು ಎಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಮೂರು ತಿಂಗಳ ಮೊತ್ತದ ಸಂಭಾವ್ಯತೆಯನ್ನು ಹೇಳುವ ಲೆಕ್ಕದಿಂದ ಇಂಥ ವಾರ ಹಿಮ ಬಿದ್ದೀತೆಂಬ ಉತ್ತರವನ್ನು ನಿರೀಕ್ಷಿಸುವುದೇ ತಪ್ಪು. ಕಾಶ್ಮೀರದ ಹಿಮ ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಪ್ರಕ್ಷುಬ್ಧತೆ’ಗಳ ಕೊಡುಗೆ. ಒಂದೊಂದೂ ಎರಡು ಮೂರು ದಿನಗಳ ಅತಿಥಿ. ಅದರ ಹೆಜ್ಜೆ ಖಚಿತವಾಗಿ ಗೊತ್ತಾಗುವುದು ಐದಾರು ದಿನ ಮೊದಲಷ್ಟೇ.

ಇನ್ನೂ ಒಂದು ತೊಡಕಿದೆ. ಮುನ್ಸೂಚನೆ ಮಿಲಿಮೀಟರ್‌ಗಳ ಭಾಷೆಯಲ್ಲಿರುತ್ತದೆ. ಬಿದ್ದದ್ದು ಮಳೆಯೋ ಹಿಮವೋ ಎಂಬುದನ್ನು ಅದು ಹೇಳುವುದಿಲ್ಲ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾ ಮುಟ್ಟುವ ಅಫರ್ವತ್ ಬೆಟ್ಟದ ಮೇಲ್ಭಾಗ ಸುಮಾರು 3,950 ಮೀಟರ್. ಉಷ್ಣಾಂಶ ಒಂದೆರಡು ಡಿಗ್ರಿ ಏರಿದರೂ ಮೇಲೆ ಹಿಮ, ಕೆಳಗೆ ಮಳೆ. ಪರಿಣತ ಸ್ಕೀಯರ್‌ಗಳು ಮೇಲೇರಿ ಆಟ ಮುಂದುವರಿಸಿಯಾರು. ಹೊಸಬರು ಕಲಿಯುವ ಕೆಳಗಿನ ಬಟ್ಟಲು ಮಾತ್ರ ಕೆಸರಾಗುತ್ತದೆ.

ಬೀಳುವ ಕಾಲವೂ ಮುಖ್ಯ. ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ‘ಚಿಲ್ಲಯಿ ಕಲಾನ್’ ಎನ್ನುತ್ತಾರೆ. ಆಗ ಬಿದ್ದ ಹಿಮ ಗಟ್ಟಿಯಾಗಿ ಉಳಿಯುತ್ತದೆ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಅದು ನಿಶ್ಚಿತ ಠೇವಣಿ. ಮಾರ್ಚ್‌ನಲ್ಲಿ ಬಿದ್ದದ್ದು ಚಾಲ್ತಿ ಖಾತೆಯ ಹಣ, ಬಂದಷ್ಟೇ ಬೇಗ ಖರ್ಚು. 2025ರ ಫೆಬ್ರುವರಿಯಲ್ಲಿ ಅನಂತನಾಗ್ ಜಿಲ್ಲೆಯ ಅಚಬಲ್ ಚಿಲುಮೆ ಬತ್ತಿದ್ದು ಆ ಠೇವಣಿ ಕರಗುತ್ತಿರುವುದರ ಲಕ್ಷಣ. ತಡವಾಗಿ, ಒಮ್ಮೆಲೇ ಬಿದ್ದ ಹಿಮ ಅಪಾಯಕಾರಿಯೂ ಹೌದು. 2024ರ ಫೆಬ್ರುವರಿ 22ರಂದು, ಕ್ರೀಡಾಕೂಟ ನಡೆಯುತ್ತಿದ್ದಾಗಲೇ, ಹಿಮಕುಸಿತಕ್ಕೆ ರಷ್ಯಾದ ಸ್ಕೀಯರ್ ಒಬ್ಬರು ಬಲಿಯಾದರು.

ಈ ಅನಿಶ್ಚಿತತೆಯ ಭಾರ ಯಾರ ಹೆಗಲ ಮೇಲಿದೆ? ಹೋಟೆಲಿನವರ ಬಳಿ ಮುಂಗಡವಿದೆ. ಪ್ರವಾಸಿಗ ಬೇರೆ ಊರು ಹುಡುಕಿಕೊಳ್ಳುತ್ತಾನೆ. ಸ್ಲೆಡ್ಜ್ ಎಳೆಯುವವ, ಕುದುರೆಯವ, ಬೂಟು-ಸ್ಕೀ ಬಾಡಿಗೆಗೆ ಕೊಡುವವ, ಮಾರ್ಗದರ್ಶಿ ಇವರಿಗೆ ಮೂರು ತಿಂಗಳ ದುಡಿಮೆಯೇ ವರ್ಷದ ಅನ್ನ. 2025ರ ಏಪ್ರಿಲ್‌ನ ಪಹಲ್ಗಾಮ್ ಹತ್ಯಾಕಾಂಡದ ನಂತರ ಬೇಸಿಗೆಯ ಗಳಿಕೆಯೂ ಕೈತಪ್ಪಿತೆಂಬುದನ್ನು ಮರೆಯುವಂತಿಲ್ಲ. ಅವರ ನಷ್ಟ ಯಾವ ಪರಿಹಾರ ಕಡತಕ್ಕೂ ಏರುವುದಿಲ್ಲ, ಏಕೆಂದರೆ ಹಿಮ ಬೀಳದಿರುವುದು ನಮ್ಮ ನಿಯಮಾವಳಿಯ ಭಾಷೆಯಲ್ಲಿ ವಿಕೋಪವೇ ಅಲ್ಲ. ಪ್ರವಾಹವಾದರೆ ಪಂಚನಾಮೆ ಮಾಡಬಹುದು. ಬರಬೇಕಾದದ್ದು ಬಾರದಿದ್ದರೆ ತಹಶೀಲ್ದಾರರು ಏನನ್ನು ಅಳೆಯಬೇಕು?

ಅಳೆಯುವ ಮಾರ್ಗವಿದೆ. ನಮ್ಮ ಮಲೆನಾಡಿನ ಅಡಿಕೆ ಬೆಳೆಗೆ ಹವಾಮಾನ ಆಧಾರಿತ ವಿಮೆ ಅನ್ವಯಿಸುತ್ತದೆ. ತೋಟಕ್ಕೆ ಹೋಗಿ ಹಾನಿ ಎಣಿಸಬೇಕಿಲ್ಲ, ಮಾಪನ ಕೇಂದ್ರದ ಅಂಕಿ ನಿಗದಿತ ಮಿತಿ ದಾಟಿದರೆ ಪರಿಹಾರ ಬರುತ್ತದೆ. ಜಾರಿಯಲ್ಲಿ ದೂರುಗಳು ಸಾಕಷ್ಟಿವೆ, ನಿಜ, ತತ್ತ್ವ ಸರಿಯಾದದ್ದು. ಜನವರಿ ಮಧ್ಯದಲ್ಲಿ ಗುಲ್ಮಾರ್ಗ್‌ನ ಹಿಮದ ಆಳ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿದ್ದರೆ ನೋಂದಾಯಿತ ಕೆಲಸಗಾರನ ಖಾತೆಗೆ ಹಣ ಸೇರಬೇಕು. ಕಂತಿನ ಬಹುಭಾಗವನ್ನು ಗೊಂಡೊಲಾ ಟಿಕೆಟ್ಟಿನ ಮೇಲಿನ ಸಣ್ಣ ಸುಂಕದಿಂದಲೇ ಭರಿಸಬಹುದು.

ಕೃತಕ ಹಿಮವೇ ಪರಿಹಾರ ಎನ್ನುವವರಿದ್ದಾರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುತೇಕ ಯಂತ್ರದ ಹಿಮದ ಮೇಲೆಯೇ ನಡೆಯಿತು. ಆದರೆ ಆ ಯಂತ್ರಕ್ಕೂ ಶೂನ್ಯಕ್ಕಿಂತ ಕೆಳಗಿನ ಚಳಿ ಬೇಕು, ಅಪಾರ ನೀರು ಬೇಕು. ಚಿಲುಮೆಗಳು ಬತ್ತುವ ಕಣಿವೆಯಲ್ಲಿ ಆ ನೀರನ್ನು ಯಾವ ಹಳ್ಳಿಯ ಪಾಲಿನಿಂದ ತೆಗೆಯುವುದು? ಅದಕ್ಕಿಂತ ಅಗ್ಗದ ಕೆಲಸವೊಂದಿದೆ. ಕ್ರೀಡಾಕೂಟಕ್ಕೆ ಒಂದೇ ದಿನಾಂಕ ಸಾರುವ ಬದಲು ಮೂರು ವಾರಗಳ ಅವಧಿ ಘೋಷಿಸಿ, ವಾರದ ಮುನ್ಸೂಚನೆ ನೋಡಿ ದಿನ ಗೊತ್ತುಮಾಡುವುದು. ಆಟಗಾರರ ರೈಲು ಟಿಕೆಟ್, ತಂಗುವ ವ್ಯವಸ್ಥೆ, ಭದ್ರತಾ ಸಿಬ್ಬಂದಿ ಎಲ್ಲವನ್ನೂ ಆ ಅವಧಿಗೆ ಹೊಂದಿಸುವುದು ಅಧಿಕಾರಿಗಳಿಗೆ ತಲೆನೋವೇ ಸರಿ. ಆದರೂ 2025ರಲ್ಲಿ ಕೊನೆಗೆ ಅವರು ಮಾಡಿದ್ದೂ ಅದನ್ನೇ, ಯೋಜಿಸದೆ.