ಹಂಡೆ ಕೀಳುವ ಮುನ್ನ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಬಚ್ಚಲು ರಿಪೇರಿಗೆ ಬಂದಿತು. ಹೊನ್ನಾವರ ತಾಲ್ಲೂಕಿನ ಒಳಭಾಗದಲ್ಲಿ, ಅಡಿಕೆ ತೋಟದ ಅಂಚಿನಲ್ಲಿರುವ ಮನೆ; ಅಣ್ಣತಮ್ಮಂದಿರ ಸಂಸಾರಗಳು ಸೇರಿ ಹನ್ನೆರಡು ಜನ. ಅಜ್ಜನ ಕಾಲದ ತಾಮ್ರದ ಹಂಡೆಯನ್ನು ಕಿತ್ತು, ಒಲೆಯನ್ನು ಒಡೆದು, ಎರಡು ಗೀಸರ್ ಕೂರಿಸೋಣವೆಂದು ತಮ್ಮ ಹೇಳಿದ. "ಕರೆಂಟು ಹೇಗೂ ಪುಕ್ಕಟೆ" ಎಂಬುದು ಅವನ ವಾದ. ಅಮ್ಮ ಒಪ್ಪಲಿಲ್ಲ, ಮಳೆಗಾಲದಲ್ಲಿ ಹಂಡೆಯ ಬಿಸಿನೀರಿಗೆ ಸಮನಾದುದು ಯಾವುದಿದೆ ಎಂದರು. ಅಷ್ಟರಲ್ಲಿ ಅತ್ತಿಗೆ, "ಇಪ್ಪತ್ತು ವರ್ಷ ಆ ಒಲೆಯ ಹೊಗೆ ಕುಡಿದವಳು ನಾನು, ನನ್ನನ್ನೂ ಒಂದು ಮಾತು ಕೇಳಿ" ಎಂದರು. ಮೂವರ ಮಾತಿನಲ್ಲೂ ಸತ್ಯವಿತ್ತು.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಅನೇಕ ತುಂಬು ಮನೆಗಳಲ್ಲಿ ಇಂದು ಇದೇ ಚರ್ಚೆ ನಡೆಯುತ್ತಿದೆ. ಇದು ಕೇವಲ ಅನುಕೂಲದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಬಚ್ಚಲಿನ ನೀರನ್ನು ಯಾವುದರಿಂದ ಕಾಯಿಸುತ್ತೇವೆ ಎಂಬುದಕ್ಕೂ, ನಮ್ಮ ಬೆಟ್ಟಗಳು ಮತ್ತು ಶರಾವತಿ ಕಣಿವೆ ಉಳಿಯುತ್ತವೆಯೇ ಎಂಬುದಕ್ಕೂ ನೇರವಾದ ಸಂಬಂಧವಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಲೆಕ್ಕ ಮಾಡೋಣ. ಒಬ್ಬರಿಗೆ 20 ಲೀಟರಿನಂತೆ ಹನ್ನೆರಡು ಜನರಿಗೆ 240 ಲೀಟರ್ ಬಿಸಿನೀರು ಬೇಕು. ಬಾವಿಯ ನೀರು 26 ಡಿಗ್ರಿ ಇದ್ದು, ಅದನ್ನು 41 ಡಿಗ್ರಿಗೆ ಏರಿಸಬೇಕಾದರೆ 3600 ಕಿಲೋಕ್ಯಾಲರಿ ಶಾಖ ಬೇಕಾಗುತ್ತದೆ. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 4000 ಕಿಲೋಕ್ಯಾಲರಿ ಅಡಗಿದೆ. ಹಾಗಾದರೆ ಒಂದು ಕಿಲೋ ಕಟ್ಟಿಗೆ ಸಾಲಬೇಕಲ್ಲವೇ? ಸಾಲದು. ಬಾಯಿ ತೆರೆದ ಹಳೆಯ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಗೆ ಮತ್ತು ಗೋಡೆಗೆ ಹೋಗುತ್ತದೆ. ಶೇಕಡಾ 15ರಷ್ಟು ಮಾತ್ರ ನೀರಿಗೆ ಸೇರಿದರೆ ದಿನಕ್ಕೆ 6 ಕಿಲೋ, ವರ್ಷಕ್ಕೆ ಎರಡು ಟನ್ನಿಗೂ ಮಿಕ್ಕಿ ಕಟ್ಟಿಗೆ ಬೇಕು. ಕಟ್ಟಿಗೆ ಹಸಿಯಾಗಿದ್ದರೆ ಇನ್ನೂ ಹೆಚ್ಚು. ಶಾಖದ ಮೂರನೇ ಒಂದು ಭಾಗ ನೀರಿಗೆ ದಕ್ಕುವ ಒಲೆಯಾದರೆ ಮೂರು ಕಿಲೋದೊಳಗೆ ಅದೇ ಕೆಲಸ ಮುಗಿಯುತ್ತದೆ. ದೋಷ ಇರುವುದು ಒಲೆಯ ಕಟ್ಟಡದಲ್ಲಿ, ಹಂಡೆಯಲ್ಲಲ್ಲ.

ಅದೇ 3600 ಕಿಲೋಕ್ಯಾಲರಿಯನ್ನು ಗೀಸರ್ ಕೊಡಬೇಕಾದರೆ ದಿನಕ್ಕೆ ಸುಮಾರು 4.2 ಯೂನಿಟ್, ತಿಂಗಳಿಗೆ 126 ಯೂನಿಟ್ ಬೇಕು. ತೊಟ್ಟಿಯಲ್ಲಿ ಸುಮ್ಮನೆ ಆರುವ ನೀರಿನ ನಷ್ಟ ಇದಕ್ಕೆ ಸೇರಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ದೊರೆಯುವುದು ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಅಲ್ಪ ಹೆಚ್ಚುವರಿ ಮಾತ್ರ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಫ್ರಿಜ್, ಪಂಪು, ಮಿಕ್ಸರ್, ಫ್ಯಾನುಗಳಿರುವ ತುಂಬು ಮನೆ ಗೀಸರ್ ಹಾಕಿಸಿದ ಮೇಲೆ ಆ ಮಿತಿಯೊಳಗೆ ಉಳಿಯುವುದು ಕಷ್ಟ. ತಮ್ಮನ ಪುಕ್ಕಟೆಯ ವಾದ ಇಲ್ಲಿಗೆ ನಿಂತಿತು.

ಇದಕ್ಕಿಂತ ದೊಡ್ಡ ಬಿಲ್ಲೊಂದಿದೆ. ಎಲ್ಲರ ಗೀಸರುಗಳೂ ಬೆಳಗಿನ ಆರರಿಂದ ಎಂಟರೊಳಗೆ ಒಟ್ಟಿಗೇ ಉರಿಯುತ್ತವೆ. ಇಂಥ ಗರಿಷ್ಠ ಬೇಡಿಕೆಯ ಹೊತ್ತನ್ನು ತುಂಬಲೆಂದೇ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಗಿದೆ. ಅದು ಸಿಂಗಳೀಕಗಳ ನೆಲೆಯಾದ ಅಭಯಾರಣ್ಯದ ಒಡಲನ್ನು ಬಗೆಯುವ ಯೋಜನೆ. ಸಂಜೆಯ ಸಭೆಯಲ್ಲಿ ಅದನ್ನು ವಿರೋಧಿಸಿ ಭಾಷಣ ಮಾಡಿ, ಮರುದಿನ ಬೆಳಿಗ್ಗೆ ಗೀಸರಿನ ಸ್ವಿಚ್ಚು ಒತ್ತುವಾಗ ನಮಗೆ ಕೊಂಚ ಮುಜುಗರವಾಗಬೇಕು. ನಗರಗಳ ಬೇಡಿಕೆಯ ಮುಂದೆ ನಮ್ಮ ಪಾಲು ಅಲ್ಪವೆಂಬುದು ನಿಜ. ಆದರೂ ಬೇರೆಯವರಿಗೆ ಮಿತವ್ಯಯವನ್ನು ಬೋಧಿಸುವ ನೈತಿಕ ಹಕ್ಕು ನಮ್ಮ ಬಚ್ಚಲಿನಿಂದಲೇ ಆರಂಭವಾಗಬೇಕು.

ಹಾಗಾದರೆ ಸೌರ ಹೀಟರ್ ಒಂದೇ ಪರಿಹಾರವೇ? ಅದನ್ನು ಮಾರುವವರು ಹಾಗೆನ್ನುತ್ತಾರೆ. ಆದರೆ ನಮ್ಮ ಕರಾವಳಿಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬಿಸಿನೀರು ಅತ್ಯಂತ ಹೆಚ್ಚು ಬೇಕಾಗುವುದು ಆಗಲೇ, ಸೂರ್ಯ ಕಾಣದಿರುವುದೂ ಆಗಲೇ. ಇದು ಈ ನೆಲದ ವಿಶೇಷ. ಬಯಲುಸೀಮೆಯ ಪರಿಹಾರವನ್ನು ಹಾಗೆಯೇ ತಂದು ಇಲ್ಲಿ ನಿಲ್ಲಿಸಿದರೆ ಮಳೆಗಾಲದಲ್ಲಿ ನಾವು ಮತ್ತೆ ಕರೆಂಟಿಗೇ ಜೋತುಬೀಳುತ್ತೇವೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಉಳಿದ ಎಂಟು ತಿಂಗಳಿಗೆ ಸೂರ್ಯ, ಮಳೆಗಾಲಕ್ಕೆ ಸುಧಾರಿಸಿದ ಒಲೆಯ ಮೇಲಿನ ಹಂಡೆ, ತುರ್ತಿಗೆ ಮಾತ್ರ ವಿದ್ಯುತ್ತು.

ಸೌರ ಹೀಟರ್ ಕೊಳ್ಳುವವರು ಮೊದಲು ಸೂರಿನ ಮೇಲೆ ಹತ್ತಿ ನೋಡಬೇಕು. ಕಣಿವೆಯ ಮನೆಗಳಿಗೆ ಗುಡ್ಡದ ಮತ್ತು ತೆಂಗು ಅಡಿಕೆಯ ನೆರಳು ಬೀಳುತ್ತದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲು ಬೀಳುವ, ದಕ್ಷಿಣಕ್ಕೆ ತೆರೆದ ಜಾಗವಿರದಿದ್ದರೆ ಹಣ ಹಾಕಬೇಡಿ. ಅಗತ್ಯಕ್ಕಿಂತ ದೊಡ್ಡ ತೊಟ್ಟಿಯೂ ಬೇಡ. 60 ಡಿಗ್ರಿಯ ಸುಮಾರು 105 ಲೀಟರ್ ನೀರಿಗೆ ತಣ್ಣೀರು ಬೆರೆಸಿದರೆ ನಮ್ಮ 240 ಲೀಟರ್ ಸಿದ್ಧವಾಗುತ್ತದೆ. ನೆಂಟರಿಷ್ಟರನ್ನು ಸೇರಿಸಿದರೂ ಹನ್ನೆರಡು ಜನರ ಮನೆಗೆ 200 ಲೀಟರಿನದು ಸಾಕು. ನದಿಮುಖದ ಸಮೀಪ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುವ ಊರುಗಳವರು ಒಳಗೆ ಎನಾಮಲ್ ಲೇಪವಿರುವ ತೊಟ್ಟಿಯನ್ನು ಕೇಳಿ ಪಡೆಯಬೇಕು. ಇಲ್ಲವಾದರೆ ತುಕ್ಕು ಬೇಗ ತಿನ್ನುತ್ತದೆ.

ಇನ್ನು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ಹಳ್ಳಿಯ ಅಡುಗೆ ಒಲೆಯನ್ನೂ ನೀರೊಲೆಯನ್ನೂ ಶಾಸ್ತ್ರೀಯವಾಗಿ ಸುಧಾರಿಸಿತು. ತತ್ತ್ವ ಸರಳ. ಬೆಂಕಿಯ ಕೆಳಗೆ ಗಾಳಿಯಾಡುವ ಸರಳುಗಳ ಜಾಲರಿ, ಬಾಯಿಗೆ ಮುಚ್ಚಳ, ಬಿಸಿಗಾಳಿ ಹಂಡೆಯನ್ನು ಸುತ್ತಿ ಹೋಗುವಂಥ ಸಂದು, ಕೊನೆಗೆ ಸೂರನ್ನು ಮೀರಿದ ಹೊಗೆಕೊಳವೆ. ಕಟ್ಟಿಗೆ ಉಳಿಯುವುದಲ್ಲದೆ ಹೊಗೆ ಹೊರಕ್ಕೆ ಹೋಗುತ್ತದೆ. ಅತ್ತಿಗೆಯ ಪ್ರಶ್ನೆಗೆ ಉತ್ತರ ಇದೇ ಹೊಗೆಕೊಳವೆ. ಒಲೆಯ ಸುತ್ತಲಿನ ಬೆಚ್ಚಗಿನ ಜಾಗದಲ್ಲಿ ಮಳೆಗಾಲದ ಬಟ್ಟೆಯೂ ಮುರುಗಲ ಸಿಪ್ಪೆಯೂ ಒಣಗುತ್ತವೆ. ಈ ಲಾಭವನ್ನು ಯಾವ ಗೀಸರೂ ಕೊಡಲಾರದು.

ಏನನ್ನು ಉರಿಸಬೇಕು ಎಂಬುದರಲ್ಲೂ ವಿವೇಕ ಬೇಕು. ಕೃಷಿ ವಿಜ್ಞಾನಿಯಾಗಿ ಹೇಳುತ್ತೇನೆ: ದರಕು, ಸೊಪ್ಪು, ಅಡಿಕೆ ಸೋಗೆ ತೋಟದ ಆಹಾರ, ಅವು ಗೊಬ್ಬರದ ಗುಂಡಿಗೆ ಹೋಗಲಿ. ಬೇಗ ಕೊಳೆಯದ ತೆಂಗಿನ ಸಿಪ್ಪೆ, ಕರಟ, ಮಡಲಿನ ದಂಟು, ಅಡಿಕೆ ಸಿಪ್ಪೆ ಒಲೆಗೆ ಬರಲಿ. ಇವನ್ನು ಮೇ ತಿಂಗಳೊಳಗೆ ಒಣಗಿಸಿ ಅಟ್ಟಕ್ಕೇರಿಸಿದರೆ ಬೆಟ್ಟದ ಮರಕ್ಕೆ ಕತ್ತಿ ಹಾಕುವ ಪ್ರಮೇಯ ಬಹಳ ಕಡಿಮೆಯಾಗುತ್ತದೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಹೇರಳ. ತೆಂಗಿಗೆ ಬೇಕಾದುದೂ ಅದೇ. ನಮ್ಮ ಹುಳಿಮಣ್ಣಿಗೆ ಬೂದಿ ಹಿತಕರ. ಆದರೆ ಹಾಲಿನ ಪ್ಯಾಕೆಟ್ಟು, ಪ್ಲಾಸ್ಟಿಕ್ ಚೀಲಗಳನ್ನು ಬಚ್ಚಲೊಲೆಗೆ ತುರುಕುವ ಅಭ್ಯಾಸವನ್ನು ಇಂದೇ ಬಿಡಬೇಕು. ಆ ಹೊಗೆಯೂ ವಿಷ, ಆ ಬೂದಿಯೂ ವಿಷ.

ಭಟ್ಕಳ ಪೇಟೆಯ ಕೂಡುಕುಟುಂಬಗಳಂತೆ ತೋಟವಾಗಲಿ, ಕಟ್ಟಿಗೆ ಒಟ್ಟುವ ಜಾಗವಾಗಲಿ ಇಲ್ಲದವರಿಗೆ ಈ ಮಾತು ಪೂರ್ತಿ ಅನ್ವಯಿಸದು. ಅವರು ಸೂರ್ಯನ ಜೊತೆಗೆ ಹೀಟ್ ಪಂಪನ್ನು ಪರಿಶೀಲಿಸಬಹುದು. ಅದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಸೇರಿಸುವ ಯಂತ್ರ. ನಮ್ಮ ಬೆಚ್ಚಗಿನ ಹವೆಯಲ್ಲಿ ಗೀಸರಿನ ಸುಮಾರು ಮೂರನೇ ಒಂದು ಭಾಗದ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತದೆ. ಬೆಲೆ ಹೆಚ್ಚು, ಆದರೆ ಬಳಸುವ ಜನ ಹೆಚ್ಚಿದ್ದಷ್ಟೂ ಅದು ಬೇಗ ತೀರುತ್ತದೆ. ಬಾಣಂತಿಯರು, ಕಾಯಿಲೆಯವರು, ವೃದ್ಧರು ಇರುವ ಮನೆಯಲ್ಲಿ ಚಿಕ್ಕದೊಂದು ಗೀಸರ್ ಇದ್ದರೆ ಅದನ್ನು ಯಾರೂ ಆಕ್ಷೇಪಿಸಬೇಕಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಳ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ ಚಳವಳಿಯು ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಕೊಟ್ಟಿತು. ಮೊದಲೆರಡನ್ನು ನಾವು ಸಭೆಗಳಲ್ಲಿ ನೆನೆಯುತ್ತೇವೆ. ಮೂರನೆಯದು ಮನೆಯೊಳಗಿನ ಕೆಲಸವಾದ್ದರಿಂದ ಮರೆಯುತ್ತೇವೆ.

ನಮ್ಮ ಮನೆಯಲ್ಲಿ ಹಂಡೆ ಉಳಿಯಿತು. ಒಲೆಯನ್ನು ಒಡೆದು, ಹೊಗೆಕೊಳವೆ ಇಟ್ಟು ಹೊಸದಾಗಿ ಕಟ್ಟಿಸಿದೆವು. ಕೊಟ್ಟಿಗೆಯ ಮಾಡಿನ ಮೇಲೆ ಸೌರ ಹೀಟರ್ ಕುಳಿತಿತು. ಬೆಂಕಿ ಹಾಕುವ ಸರದಿ ಈಗ ಗಂಡಸರಿಗೂ ಇದೆ. ಈ ಕೊನೆಯ ತೀರ್ಮಾನ ಅತ್ತಿಗೆಯದು. ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಕೋರಿಕೆ: ಒಂದು ವಾರ ನಿಮ್ಮ ಮನೆಯ ಬಚ್ಚಲೊಲೆಗೆ ಹೋಗುವ ಕಟ್ಟಿಗೆಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹಂಡೆ ಕೀಳಬೇಕೇ, ಒಲೆ ಬದಲಿಸಬೇಕೇ ಎಂಬುದನ್ನು ಆ ಲೆಕ್ಕವನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಕುಳಿತು ನಿರ್ಧರಿಸಲಿ.