ಅನುಭವ ಎಲ್ಲಿ ಸಿಗುತ್ತದೆ?

ಕಳೆದ ತಿಂಗಳ ಒಂದು ಭಾನುವಾರ, ಊಟ ಮುಗಿಸಿ ಮಗಳ ಜೊತೆ 'ದ ಸೌಂಡ್ ಆಫ್ ಮ್ಯೂಸಿಕ್' ನೋಡಲು ಕೂತೆ. ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಅದರ ಹಾಡೊಂದನ್ನು ಕಲಿಸುತ್ತಿದ್ದಾರೆ. ಹುಡುಕುವ ಅವಸರದಲ್ಲಿ 1965ರ ಸಿನಿಮಾದ ಬದಲು, 2013ರ ಡಿಸೆಂಬರ್ 5ರಂದು ಅಮೆರಿಕದ ಎನ್‌ಬಿಸಿ ಚಾನೆಲ್ ನೇರಪ್ರಸಾರ ಮಾಡಿದ ನಾಟಕವನ್ನು ಹಾಕಿಬಿಟ್ಟೆ. ಹತ್ತು ನಿಮಿಷ ಕಳೆದಿರಲಿಲ್ಲ, ಮಗಳು ತಿರುಗಿ ನೋಡಿ, "ಅಪ್ಪಾ, ಇವಳು ಮರಿಯಾ ಅಲ್ಲ" ಎಂದಳು.

ಆ ರಾತ್ರಿ ಅಮೆರಿಕದಲ್ಲಿ ಬಹಳ ಜನ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಮರಿಯಾ ಪಾತ್ರ ಮಾಡಿದ್ದವರು ಕ್ಯಾರಿ ಅಂಡರ್‌ವುಡ್. 2005ರಲ್ಲಿ 'ಅಮೆರಿಕನ್ ಐಡಲ್' ಗೆದ್ದು ದೊಡ್ಡ ಹೆಸರು ಮಾಡಿದ ಗಾಯಕಿ. ಹಾಡುವುದರಲ್ಲಿ ಎರಡು ಮಾತಿಲ್ಲ, ಆದರೆ ನಟನೆಯ ಅನುಭವ ತೀರಾ ಕಡಿಮೆ. ಅಂಥವರನ್ನು ಒಯ್ದು, ಮೂರು ಗಂಟೆಯ ಕಾರ್ಯಕ್ರಮದಲ್ಲಿ, ರೀಟೇಕ್ ಇಲ್ಲದ ಕಡೆ, ಜೂಲಿ ಆಂಡ್ರ್ಯೂಸ್ ಮಾಡಿದ ಪಾತ್ರದಲ್ಲಿ ನಿಲ್ಲಿಸಿದರು. ಸುತ್ತ ನಿಂತಿದ್ದವರು ಆಡ್ರಾ ಮೆಕ್‌ಡೊನಾಲ್ಡ್, ಲಾರಾ ಬೆನಾಂಟಿ, ಕ್ರಿಸ್ಟಿಯನ್ ಬೋರ್ಲ್. ಮೂವರೂ ಟೋನಿ ಪ್ರಶಸ್ತಿ ಪಡೆದ ರಂಗಭೂಮಿಯ ಕಲಾವಿದರು. ನೋಡಿದವರು 1 ಕೋಟಿ 86 ಲಕ್ಷ ಜನ. ಚಾನೆಲ್‌ಗೆ ಹಬ್ಬ. ಆದರೆ ವಿಮರ್ಶಕರು ಹಾಡು ಚೆನ್ನಾಗಿದೆ, ಅಭಿನಯ ಮರಗಟ್ಟಿದೆ ಎಂದರು. ಟ್ವಿಟರ್‌ನಲ್ಲಂತೂ ಕೇಳುವುದೇ ಬೇಡ.

ಮಗಳು ಎದ್ದು ಆಟಕ್ಕೆ ಹೋದಳು. ನಾನು ಮಾತ್ರ ಕೊನೆಯವರೆಗೂ ನೋಡಿದೆ. ಅದಕ್ಕೊಂದು ಕಾರಣವಿದೆ. ಅದನ್ನು ಹೇಳಲೆಂದೇ ಈ ವಾರದ ಅಂಕಣ.

ಪುಣೆಯಲ್ಲಿ ನಾವೊಂದಿಷ್ಟು ಕನ್ನಡಿಗರು ಸೇರಿ ರಾಜ್ಯೋತ್ಸವಕ್ಕೆ ವರ್ಷವೂ ಒಂದು ನಾಟಕ ಮಾಡುತ್ತೇವೆ. ಹೋದ ವರ್ಷದ್ದು ತುಂಬಾ ಹಾಡುಗಳಿದ್ದ ನಾಟಕ. ಪಾತ್ರ ಹಂಚುವ ಎಕ್ಸೆಲ್ ಶೀಟ್ ನನ್ನ ಕೈಯಲ್ಲಿತ್ತು. ಆಯ್ಕೆಯ ದಿನ ಹಿಂಜವಡಿಯ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುವ, ಗದಗ ಕಡೆಯ ಹುಡುಗಿಯೊಬ್ಬಳು ಬಂದಳು. ಹಾಡಿದಳು. ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು. ಮಾತು ಹೇಳಿಸಿದಾಗ ಮಾತ್ರ ಕೈ ಎಲ್ಲಿಡಬೇಕೆಂದು ತಿಳಿಯದೆ ದುಪಟ್ಟಾ ಹಿಡಿದು ನಿಂತಳು. ನಾನು ಅವಳ ಹೆಸರಿನ ಮುಂದೆ 'ಅನುಭವ ಇಲ್ಲ' ಎಂದು ಬರೆದು ಕೋರಸ್‌ಗೆ ಹಾಕಿದೆ. ಮುಖ್ಯ ಪಾತ್ರ ನಮ್ಮ ಬಳಗದ ಹಳಬರೊಬ್ಬರಿಗೆ ಹೋಯಿತು. ನಾಟಕ ಎಲ್ಲೂ ತಪ್ಪದೆ ಮುಗಿಯಿತು. ಚಪ್ಪಾಳೆಯೂ ಬಿತ್ತು. ಮರುದಿನದ ಹೊತ್ತಿಗೆ ಎಲ್ಲರಿಗೂ ನೆನಪಿದ್ದದ್ದು ಹೋಳಿಗೆ ಊಟ ಮಾತ್ರ.

ಆ ಹುಡುಗಿ ಒಂದು ದಿನವೂ ತಪ್ಪಿಸದೆ ತಾಲೀಮಿಗೆ ಬಂದಿದ್ದಳು. ನಾಟಕ ಮುಗಿದ ವಾರಕ್ಕೆ ವಾಟ್ಸಾಪ್ ಗುಂಪಿನಿಂದ ಹೊರಬಿದ್ದಳು. ಯಾಕಮ್ಮಾ ಎಂದು ಮೆಸೇಜು ಹಾಕಿದ್ದಕ್ಕೆ ಬಂದ ಉತ್ತರ ಇಷ್ಟೇ: "ಸರ, ನಂಗ ಅನುಭವ ಇಲ್ಲಂದ್ರಿ. ಅದು ಎಲ್ಲಿ ಸಿಗತೈತಿ ಅಂತ ಹೇಳಲಿಲ್ರಿ."

ನನ್ನಲ್ಲಿ ಉತ್ತರ ಇರಲಿಲ್ಲ. ಕ್ಯಾರಿ ಅಂಡರ್‌ವುಡ್ ಕಷ್ಟಪಡುವುದನ್ನು ನೋಡುವಾಗ ಮೊದಲು ನನಗೆ ಸಮಾಧಾನವೇ ಆಯಿತು. ನೋಡು, ನಾನು ಮಾಡಿದ್ದು ಸರಿ, ದನಿ ಇದ್ದರೆ ಸಾಲದು ಎಂದುಕೊಂಡೆ. ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಅದೇ ಚಾನೆಲ್, ಅದೇ ನಿರ್ಮಾಪಕರು ಎರಡು ವರ್ಷದ ನಂತರ, 2015ರ ಡಿಸೆಂಬರ್ 3ರಂದು ಮಾಡಿದ 'ದ ವಿಝ್' ಸಿಕ್ಕಿತು.

'ದ ವಿಝ್' ಎಂದರೆ ಓಝ್ ಮಾಂತ್ರಿಕನ ಕಥೆಯನ್ನು ಕಪ್ಪುಜನರ ಸಂಗೀತ, ಮಾತುಗಳಲ್ಲಿ ಮರಳಿ ಹೇಳಿದ ನಾಟಕ. 1975ರಲ್ಲಿ ಬ್ರಾಡ್‌ವೇಗೆ ಬಂದದ್ದು. ಟಿವಿಯಲ್ಲಿ ಡೊರೋಥಿ ಆದವಳು ಶನೀಸ್ ವಿಲಿಯಮ್ಸ್ ಎಂಬ ನ್ಯೂಜೆರ್ಸಿಯ ಹುಡುಗಿ. ಕ್ಯಾರಿಗಾದರೂ ದೊಡ್ಡ ವೇದಿಕೆಗಳ ಅಭ್ಯಾಸವಿತ್ತು; ಇವಳಿಗೆ ಅದೂ ಇಲ್ಲ. ಯಾರು ಬೇಕಾದರೂ ಬರಬಹುದಾದ ಓಪನ್ ಆಡಿಷನ್‌ನಲ್ಲಿ ಸರದಿಯಲ್ಲಿ ನಿಂತು ಬಂದವಳು. ವೃತ್ತಿಯಲ್ಲಿ ಅದೇ ಮೊದಲ ಕೆಲಸ. ಅವಳು ಗೆದ್ದಳು. ನೋಡಿದವರು ಮೆಚ್ಚಿದರು, ಪತ್ರಿಕೆಗಳೂ ಮೆಚ್ಚಿದವು.

ಅನುಭವದ ಕೊರತೆ ಎರಡೂ ಕಡೆ ಇತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ? ನಮ್ಮಲ್ಲಿ ರಿಲೀಸ್ ಕೆಟ್ಟರೆ ಮರುದಿನ ಕೂತು ಕಾರಣ ಹುಡುಕುತ್ತೇವಲ್ಲ, ಹಾಗೆ ಹುಡುಕಿದೆ.

ಮೊದಲನೆಯದು ಪಾತ್ರ. ಡೊರೋಥಿ ಗುರುತಿಲ್ಲದ ಲೋಕಕ್ಕೆ ಬಿದ್ದ ಹುಡುಗಿ. ಅವಳ ಕಣ್ಣಲ್ಲಿ ಸ್ವಲ್ಪ ಗಾಬರಿ ಇದ್ದರೆ ಅದು ಪಾತ್ರಕ್ಕೇ ಸಲ್ಲುತ್ತದೆ. ಮರಿಯಾ ಹಾಗಲ್ಲ. ಮಠದ ಹುಡುಗಿಯಾಗಿ ಬಂದು, ಮಕ್ಕಳ ಮನಸ್ಸು ಗೆದ್ದು, ಬಿಗುಮೋರೆಯ ಕ್ಯಾಪ್ಟನ್‌ನನ್ನು ಪ್ರೀತಿಸಿ, ಕೊನೆಗೆ ಸಂಸಾರವನ್ನು ಕಟ್ಟಿಕೊಂಡು ಬೆಟ್ಟ ದಾಟಬೇಕು. ಆ ಬದಲಾವಣೆಯೆಲ್ಲ ಮಾತಿನ ದೃಶ್ಯಗಳಲ್ಲೇ ಆಗಬೇಕು, ಹಾಡು ಅಲ್ಲಿ ನೆರವಿಗೆ ಬರುವುದಿಲ್ಲ.

ಎರಡನೆಯದು ಭಾರ. 'ದ ವಿಝ್'ನಲ್ಲಿ ಬೆದರುಬೊಂಬೆ, ತಗಡಿನ ಮನುಷ್ಯ, ಸಿಂಹ ಒಬ್ಬೊಬ್ಬರಾಗಿ ಬಂದು ತಮ್ಮ ಹಾಡು ಹಾಡಿ ಡೊರೋಥಿಯ ಜೊತೆ ಹೆಜ್ಜೆ ಹಾಕುತ್ತಾರೆ. ಕ್ವೀನ್ ಲತೀಫಾ, ಮೇರಿ ಜೆ. ಬ್ಲೈಜ್‌ರಂಥವರು ತಮ್ಮ ತಮ್ಮ ದೃಶ್ಯ ಹೊತ್ತುಕೊಳ್ಳುತ್ತಾರೆ. ಇನ್ನೊಂದು ಒಳ್ಳೆಯ ಕೆಲಸ ಮಾಡಿದ್ದರು: 1975ರಲ್ಲಿ ಡೊರೋಥಿ ಆಗಿದ್ದ ಸ್ಟೆಫನಿ ಮಿಲ್ಸ್ ಅವರನ್ನೇ ಈ ಸಲ ಡೊರೋಥಿಯ ಚಿಕ್ಕಮ್ಮನ ಪಾತ್ರಕ್ಕೆ ಕರೆದಿದ್ದರು. ಅದೇ ಪಾತ್ರವನ್ನು ಹದಿಹರೆಯದಲ್ಲಿ ಮಾಡಿ ದಾಟಿದವರು ಮೊದಲ ದೃಶ್ಯದಲ್ಲೇ ಪಕ್ಕದಲ್ಲಿದ್ದರೆ ಹೊಸಬಳಿಗೆ ಎಷ್ಟು ಧೈರ್ಯ!

ಮೂರನೆಯದು ಪ್ರೇಕ್ಷಕರು. ಇವೆರಡೂ ನಡೆದದ್ದು ನ್ಯೂಯಾರ್ಕ್ ಬಳಿಯ ಬೆತ್‌ಪೇಜ್‌ನ ಗ್ರಮ್ಮನ್ ಸ್ಟುಡಿಯೋದಲ್ಲಿ. ಚಂದ್ರನ ಮೇಲಿಳಿದ ಲೂನಾರ್ ಮಾಡ್ಯೂಲ್ ಕಟ್ಟಿದ ಗ್ರಮ್ಮನ್ ಕಂಪನಿಯ ಹಳೆಯ ಜಾಗ ಅದು. 'ಸೌಂಡ್ ಆಫ್ ಮ್ಯೂಸಿಕ್'ನಲ್ಲಿ ಎದುರಿಗೆ ಪ್ರೇಕ್ಷಕರಿಲ್ಲ. ಹಾಡು ಮುಗಿದರೆ ಮೌನ. ಸಾವಿರಾರು ಜನರ ಕೂಗಿನ ನಡುವೆ ಹಾಡಿ ಬೆಳೆದ ಗಾಯಕಿಗೆ ಆ ಮೌನ ಎಷ್ಟು ಭಯ ಹುಟ್ಟಿಸಿರಬೇಡ! ಶನೀಸ್ ಎದುರಿಗೂ ಕ್ಯಾಮೆರಾ ಮಾತ್ರ ಇತ್ತು. ಆದರೆ ಹೋಲಿಸಿ ನೋಡಿ ಕೊರಗಲು ಅವಳಿಗೆ ಹಳೆಯ ಚಪ್ಪಾಳೆಯ ನೆನಪೇ ಇರಲಿಲ್ಲ.

ಇನ್ನು ನಾಲ್ಕನೆಯದು ಅನುಭವಕ್ಕೆ ಸಂಬಂಧಪಟ್ಟದ್ದೇ ಅಲ್ಲ. 2019ರ ಜನವರಿ 27ರಂದು ಫಾಕ್ಸ್ ಚಾನೆಲ್ 'ರೆಂಟ್' ನಾಟಕದ ನೇರಪ್ರಸಾರ ಇಟ್ಟುಕೊಂಡಿತ್ತು. ಹಿಂದಿನ ರಾತ್ರಿ ಕೊನೆಯ ತಾಲೀಮಿನಲ್ಲಿ ರೋಜರ್ ಪಾತ್ರದ ಬ್ರೆನಿನ್ ಹಂಟ್ ಕಾಲು ಮುರಿದುಕೊಂಡರು. ಬದಲಿ ನಟರಿಲ್ಲ. ಮರುದಿನ ಬಹುಪಾಲು ತಾಲೀಮಿನ ರೆಕಾರ್ಡಿಂಗನ್ನೇ ತೋರಿಸಬೇಕಾಯಿತು. ಬ್ಯಾಕಪ್ ಇಲ್ಲದೆ ಲೈವ್ ಹೋದರೆ ಏನಾಗುತ್ತದೆಂದು ಈ ಅಂಕಣ ಓದುವ ಅರ್ಧ ಜನಕ್ಕೆ ನಾನು ಹೇಳಬೇಕಾಗಿಲ್ಲ!

ಇನ್ನೊಂದು ಸಂಗತಿ ನೋಡಿ. ಯಾರ ಜೊತೆ ಹೋಲಿಸಿ ಕ್ಯಾರಿಯನ್ನು ಬೈದರೋ ಆ ಜೂಲಿ ಆಂಡ್ರ್ಯೂಸ್ ಅವರಿಗೂ ಒಮ್ಮೆ ಇದೇ ಮಾತು ಅಡ್ಡ ಬಂದಿತ್ತು. ಬ್ರಾಡ್‌ವೇಯಲ್ಲಿ 'ಮೈ ಫೇರ್ ಲೇಡಿ'ಯ ಎಲೈಜಾ ಆಗಿ ಮೆರೆದವರು ಅವರು. 1964ರಲ್ಲಿ ಅದು ಸಿನಿಮಾ ಆದಾಗ, ಸಿನಿಮಾದಲ್ಲಿ ಹೆಸರಿಲ್ಲ ಎಂದು ಅವರನ್ನು ಬಿಟ್ಟು ಆಡ್ರಿ ಹೆಪ್‌ಬರ್ನ್ ಅವರನ್ನು ಹಾಕಿಕೊಂಡರು. ಹೆಪ್‌ಬರ್ನ್ ಅವರ ಹಾಡುಗಳನ್ನು ಬಹುತೇಕ ಬೇರೆಯವರಿಂದ ಹಾಡಿಸಬೇಕಾಯಿತು. ಅದೇ ವರ್ಷ 'ಮೇರಿ ಪಾಪಿನ್ಸ್'ನಲ್ಲಿ ಮೊದಲ ಬಾರಿ ಸಿನಿಮಾಕ್ಕೆ ಬಂದ ಜೂಲಿ, ಆ ಮೊದಲ ಸಿನಿಮಾಕ್ಕೇ ಆಸ್ಕರ್ ಪಡೆದರು.

ಇದನ್ನೆಲ್ಲ ನೋಡಲು ನಾನು ಅಮೆರಿಕದವರೆಗೆ ಹೋಗಬೇಕಿರಲಿಲ್ಲ ಅನ್ನುವುದೇ ನನ್ನ ನಾಚಿಕೆ. ನಾನು ಕುಂದಾಪುರ ಕಡೆಯವನು. ರಾತ್ರಿ ಇಡೀ ನಡೆಯುವ ಯಕ್ಷಗಾನ ನೋಡಿ ಬೆಳೆದವನು. ಅದಕ್ಕಿಂತ ಲೈವ್ ಬೇರೆ ಯಾವುದಿದೆ? ಮೇಳಕ್ಕೆ ಸೇರಿದ ಹುಡುಗನನ್ನು ಅಲ್ಲಿ 'ಅನುಭವ ಇಲ್ಲ' ಎಂದು ಮನೆಗೆ ಕಳಿಸುವುದಿಲ್ಲ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ. ಪೂರ್ವರಂಗದಲ್ಲಿ, ಜನ ಇನ್ನೂ ಬಂದು ಕೂರುತ್ತಿರುವ ಹೊತ್ತಿನಲ್ಲಿ, ಕಾಲಿಗೆ ಗೆಜ್ಜೆ ಕಟ್ಟಿಸಿ ಚೌಕಿಯಿಂದ ರಂಗಕ್ಕೆ ಬಿಡುತ್ತಾರೆ. ತಪ್ಪಿದರೆ ನಡೆಸಿಕೊಂಡು ಹೋಗಲು ಹಿಂದೆ ಭಾಗವತರಿದ್ದಾರೆ. ದೊಡ್ಡ ವೇಷ ಕಟ್ಟುವ ಹೊತ್ತಿಗೆ ಹುಡುಗನಿಗೆ ರಂಗದ ಭಯ ಬಿಟ್ಟಿರುತ್ತದೆ. ಅನುಭವ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ನಮ್ಮೂರಿನ ಗದ್ದೆಯಲ್ಲೇ ಉತ್ತರವಿತ್ತು. ನಾನು ಅದನ್ನು ಪುಣೆಗೆ ಬರುವಾಗ ಬಿಟ್ಟು ಬಂದಿದ್ದೆ.

ಹೋದ ವಾರ ಈ ವರ್ಷದ ನಾಟಕದ ಮೊದಲ ಸಭೆ ನಡೆಯಿತು. ನಾನು ನಾಲ್ಕು ಮಾತು ಹೇಳಿದೆ. ಮುಖ್ಯ ಪಾತ್ರಕ್ಕೆ ಹೊಸಬರನ್ನೂ ನೋಡೋಣ, ಆದರೆ ಪಾತ್ರ ಅವರಿಗೆ ಹೊಂದುವಂತಿರಲಿ. ಭಾರದ ದೃಶ್ಯಗಳಲ್ಲಿ ಹಳಬರು ಜೊತೆಗಿರಲಿ. ಪ್ರದರ್ಶನಕ್ಕೆ ಮೊದಲು ಯಾರದ್ದಾದರೂ ಸೊಸೈಟಿಯ ಹಾಲ್‌ನಲ್ಲಿ ಮೂವತ್ತು ನಲವತ್ತು ಜನರೆದುರು ಎರಡು ಸಲ ಪೂರ್ತಿ ನಾಟಕ ಆಡಿಸೋಣ. ಮುಖ್ಯ ಪಾತ್ರಕ್ಕೆ ಬದಲಿ ಒಬ್ಬರು ತಯಾರಿರಲಿ. ಹಿರಿಯರೊಬ್ಬರು, "ಕೆಟ್ಟರೆ ಯಾರಪ್ಪಾ ಹೊಣೆ?" ಎಂದರು. ನಾನೇ ಎಂದೆ. ಶೀಟ್ ಇನ್ನೂ ನನ್ನ ಕೈಯಲ್ಲೇ ಇದೆ.

ರಾತ್ರಿ ಆ ಹುಡುಗಿಗೆ ಫೋನ್ ಮಾಡಿದೆ. ಹೋದ ವರ್ಷ ನಾನು ಮಾಡಿದ್ದು ತಪ್ಪು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ವಿಚಾರ ಮಾಡಿ ಹೇಳತೀನ್ರಿ ಸರ" ಎಂದಳು. ಇನ್ನೂ ಹೇಳಿಲ್ಲ. ಬರದಿದ್ದರೆ ಅವಳದ್ದೇನೂ ತಪ್ಪಿಲ್ಲ.

ನಿಮ್ಮ ಊರಿನ ಕನ್ನಡ ಬಳಗದಲ್ಲೂ ಕೋರಸ್‌ನ ಹಿಂದಿನ ಸಾಲಿನಲ್ಲಿ ಇಂಥ ಒಬ್ಬರು ನಿಂತಿರುತ್ತಾರೆ. ಈ ನವೆಂಬರ್‌ಗೆ ಮೊದಲು ಒಮ್ಮೆ ತಿರುಗಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.